ಕೆಲಸ ಬಿಡುವವರ ಪರವಾಗಿ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ವಿದ್ವತ್ತಿನದಲ್ಲ, ಮನೆಮನೆಯದು. ಕೈಯಲ್ಲಿರುವ ಕೆಲಸ ಮನಸ್ಸಿಗೆ ಒಗ್ಗದಿದ್ದಾಗ ಅದನ್ನು ಬಿಟ್ಟು, ಒಗ್ಗುವ ಕೆಲಸವನ್ನೂ ಅದರೊಡನೆ ಬರುವ ಬದುಕನ್ನೂ ಹುಡುಕಿಕೊಂಡು ಹೋಗುವುದು ಸರಿಯೆ ಎಂಬುದು ಪ್ರಶ್ನೆ. ಮಗನೋ ಮಗಳೋ ‘ಕೆಲಸ ಬಿಡ್ತೀನಿ’ ಎಂದರೆ ಮನೆಯವರು ಮೊದಲು ಕೇಳುವುದು ಕಾರಣವನ್ನು. ಮೇಲಧಿಕಾರಿಯ ಕಿರುಕುಳ ಎಂದರೆ ಒಪ್ಪುತ್ತಾರೆ. ಆರೋಗ್ಯ ಕೆಟ್ಟಿತು ಎಂದರೆ ಒಪ್ಪುತ್ತಾರೆ. ಇನ್ನೊಂದು ಕಡೆ ಸಂಬಳ ಜಾಸ್ತಿ ಎಂದರೆ ಕೇಳುವುದೇ ಬೇಡ, ಸಿಹಿ ಹಂಚುತ್ತಾರೆ. ‘ಅಲ್ಲಿ ನನಗೆ ಸಂತೋಷ ಇಲ್ಲ’ ಎಂದರೆ ಮಾತ್ರ ಅದನ್ನು ಕಾರಣವೆಂದು ಯಾರೂ ಎಣಿಸುವುದಿಲ್ಲ.

ಎಣಿಸಬೇಕು ಎಂಬುದು ನನ್ನ ವಾದ. ಅಷ್ಟು ಹೇಳಿ ನಿಲ್ಲಿಸಿದರೆ ಅದು ಉಳ್ಳವರಿಗೆ ಮಾತ್ರ ಒಪ್ಪುವ ವಾದವಾಗುತ್ತದೆ. ಹಾಗಾಗಿ ಕೆಲಸ ಬಿಡುವುದಕ್ಕೆ ಏನು ಬೇಕು, ಅದು ಯಾರ ಬಳಿ ಇದೆ, ಯಾರ ಬಳಿ ಇಲ್ಲ ಎಂಬುದನ್ನೂ ನೋಡಬೇಕಾಗುತ್ತದೆ. ಈ ಎರಡನೆಯ ಭಾಗಕ್ಕೇ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಬಿಟ್ಟು ಹೋದವರನ್ನು ನಮ್ಮ ನಾಡು ಗೌರವಿಸಿಲ್ಲವೆಂದಲ್ಲ. ದೇವರಿಗಾಗಿ ಬಿಟ್ಟವರನ್ನು ಪೂಜಿಸಿದ್ದೇವೆ. ಪುರಂದರದಾಸರು ದಾಸರಾಗುವ ಮುಂಚೆ ಲೇವಾದೇವಿಯ ಸಿರಿವಂತ ವ್ಯಾಪಾರಿ ಎಂಬ ಕಥೆ ಎಲ್ಲರಿಗೂ ಗೊತ್ತು. ನನ್ನ ವಿಷಯಕ್ಕೆ ಇನ್ನೂ ಹತ್ತಿರದವನು ಮೋಳಿಗೆಯ ಮಾರಯ್ಯ. ಶರಣ ಸಂಪ್ರದಾಯದ ಪ್ರಕಾರ ಅವನು ಕಾಶ್ಮೀರದ ಅರಸು. ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು, ಹೆಂಡತಿ ಮಹಾದೇವಿಯೊಡನೆ ಸೌದೆ ಹೊರೆ ಮಾರಿ ಬದುಕಿದ. ಇತಿಹಾಸವಾಗಿ ಇದೆಷ್ಟು ನಿಲ್ಲುತ್ತದೆ ಎಂಬುದನ್ನು ವಿದ್ವಾಂಸರಿಗೆ ಬಿಡೋಣ. ಕಥೆಯಾಗಿ ಇದರಲ್ಲಿ ಒಂದು ಅಪರೂಪದ ಅಂಶವಿದೆ. ಸಾಮಾನ್ಯವಾಗಿ ರಾಜ್ಯ ಬಿಟ್ಟವರು ಕಾಡಿಗೆ ಹೋಗುತ್ತಾರೆ, ತಪಸ್ಸಿಗೆ ಕೂರುತ್ತಾರೆ. ಮಾರಯ್ಯನೂ ಕಾಡಿಗೆ ಹೋದ, ಆದರೆ ಸೌದೆ ತರುವುದಕ್ಕೆ. ಸಂಜೆಗೆ ಪೇಟೆಗೆ ಮರಳಿದ. ಅವನು ಬಿಟ್ಟದ್ದು ಒಂದು ಕೆಲಸವನ್ನು, ಹಿಡಿದದ್ದು ಇನ್ನೊಂದು ಕೆಲಸವನ್ನು. ಅದು ವೈರಾಗ್ಯವಲ್ಲ, ಆಯ್ಕೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂದು ಕಾಯಕದ ಮಾತನ್ನು ಹೆಚ್ಚಾಗಿ ಕೇಳುವುದು ಕಚೇರಿಯ ಗೋಡೆಗಳ ಮೇಲೆ, ಅಧಿಕಾರಿಗಳ ಸ್ವಾಗತ ಭಾಷಣಗಳಲ್ಲಿ. ಅಲ್ಲಿ ಅದರ ಧ್ವನಿ ‘ಕೊಟ್ಟ ಕೆಲಸವನ್ನು ತುಟಿ ಪಿಟಕ್ಕೆನ್ನದೆ ಮಾಡು’ ಎಂದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅದರ ಧ್ವನಿ ಇದಾಗಿರಲಾರದು. ಅಲ್ಲಿ ಭಂಡಾರದ ಲೆಕ್ಕ ನೋಡುತ್ತಿದ್ದವರೇ ಕೊನೆಗೆ ಪದವಿ ತೊರೆದು ಕೂಡಲಸಂಗಮಕ್ಕೆ ಹೊರಟರು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ‘ಎಷ್ಟು ಸಾಕು’ ಎಂಬ ಪ್ರಶ್ನೆ ಅಲ್ಲಿ ಕಾಯಕದ ಒಳಗೇ ಇತ್ತು. ಆ ಪ್ರಶ್ನೆಯನ್ನು ತೆಗೆದುಹಾಕಿ ದುಡಿಮೆಯನ್ನಷ್ಟೇ ಉಳಿಸಿಕೊಂಡದ್ದು ನಮ್ಮ ಕಾಲದ ಜಾಣತನ.

ದೇಶಕ್ಕಾಗಿ ಬಿಟ್ಟವರನ್ನೂ ಗೌರವಿಸಿದ್ದೇವೆ. ಮಂಗಳೂರಿನ ಕಾರ್ನಾಡ ಸದಾಶಿವರಾಯರು ಹೆಸರು ಮಾಡಿದ ವಕೀಲರು. ಗಾಂಧೀಜಿಯ ಕರೆಗೆ ಓಗೊಟ್ಟು ವಕಾಲತ್ತು ಬಿಟ್ಟರು, ಆಸ್ತಿಯನ್ನೆಲ್ಲ ಚಳವಳಿಗೆ ಸುರಿದರು, 1937ರಲ್ಲಿ ಬಡತನದಲ್ಲೇ ತೀರಿಕೊಂಡರು. ಬೆಂಗಳೂರಿನ ಸದಾಶಿವನಗರ ಅವರ ಹೆಸರಿನದು. ಇಂದು ಅಲ್ಲಿ ಒಂದು ನಿವೇಶನ ಕೊಳ್ಳಲು ಎಷ್ಟು ಬೇಕೆಂದು ಯೋಚಿಸಿದರೆ, ಗೌರವ ಎಂಬುದು ಎಂತಹ ವಿಚಿತ್ರ ದಾರಿಗಳಲ್ಲಿ ನಡೆಯುತ್ತದೆ ಎಂದು ಅನ್ನಿಸುತ್ತದೆ.

ಆತ್ಮಗೌರವಕ್ಕಾಗಿ ಬಿಟ್ಟವರೂ ಇದ್ದಾರೆ. ವಿಶ್ವೇಶ್ವರಯ್ಯನವರು 1884ರಲ್ಲಿ ಸೇರಿದ್ದ ಬೊಂಬಾಯಿ ಸರ್ಕಾರದ ಸೇವೆಯನ್ನು 1908ರಲ್ಲಿ ತಾವಾಗಿಯೇ ಬಿಟ್ಟರು. ಭಾರತೀಯನಿಗೆ ಅಲ್ಲಿ ಮೇಲಿನ ಬಾಗಿಲು ತೆರೆಯದು ಎಂಬುದು ಕಾರಣವೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಮಾಸ್ತಿಯವರು 1943ರಲ್ಲಿ, ತಮಗಿಂತ ಕಿರಿಯರನ್ನು ಮಂತ್ರಿ ಪದವಿಗೆ ಏರಿಸಿದಾಗ, ಮೈಸೂರು ಸರ್ಕಾರದ ಸೇವೆಗೆ ರಾಜೀನಾಮೆ ಕೊಟ್ಟರು. ಹಾಗೆ ಬಿಟ್ಟದ್ದರಿಂದ ‘ಜೀವನ’ ಪತ್ರಿಕೆಗೆ ಒಬ್ಬ ಸಂಪಾದಕ ಸಿಕ್ಕಿದ, ಕನ್ನಡಕ್ಕೆ ‘ಚಿಕವೀರ ರಾಜೇಂದ್ರ’ ಸಿಕ್ಕಿತು. ಅವರು ಇದ್ದ ಅಬಕಾರಿ ಇಲಾಖೆಗೆ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಈ ಮೂರು ಕಾರಣಗಳಲ್ಲಿ ಒಂದು ಸಮಾನ ಗುಣವಿದೆ. ಮೂರೂ ಬಿಡುವವನನ್ನು ದೊಡ್ಡವನನ್ನಾಗಿ ಮಾಡುತ್ತವೆ. ನಾಲ್ಕನೆಯ ಕಾರಣ, ಅಂದರೆ ತನ್ನ ದಿನಗಳು ತನಗೆ ಹಿತವಾಗಿರಬೇಕು ಎಂಬುದು, ಯಾರನ್ನೂ ದೊಡ್ಡವನನ್ನಾಗಿ ಮಾಡುವುದಿಲ್ಲ. ಅದರಲ್ಲಿ ತ್ಯಾಗ ಕಾಣುವುದಿಲ್ಲ. ಆದ್ದರಿಂದಲೇ ಅದನ್ನು ಸ್ವಾರ್ಥವೆಂದೂ ಚಂಚಲತೆಯೆಂದೂ ಬೈಯುವುದು ಸುಲಭ.

ಆದರೆ ಕೆಲಸದಲ್ಲಿ ಮನಸ್ಸಿರಬೇಕೆಂಬುದು ನಿಜವಾಗಿ ಹಗುರವಾದ ಬಯಕೆಯೆ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಅತ್ಯಂತ ಗಟ್ಟಿಯಾದ ಉತ್ತರ ಕೊಟ್ಟವರು ಅಂಬೇಡ್ಕರ್. 1936ರಲ್ಲಿ ಲಾಹೋರಿನ ಸಮ್ಮೇಳನಕ್ಕೆಂದು ಬರೆದು, ಅಲ್ಲಿ ಮಾಡಲಾಗದೆ, ಪುಸ್ತಕವಾಗಿ ಅಚ್ಚಾದ ಭಾಷಣದಲ್ಲಿ ಅವರು ಜಾತಿಯನ್ನು ಅರ್ಥಶಾಸ್ತ್ರದ ಕಡೆಯಿಂದಲೂ ನೋಡುತ್ತಾರೆ. ಜಾತಿ ಕೆಲಸಗಳನ್ನು ಮಾತ್ರ ಹಂಚುವುದಿಲ್ಲ, ಕೆಲಸಗಾರರನ್ನೇ ಬೇರೆಬೇರೆ ಕೋಣೆಗಳಲ್ಲಿ ಕೂಡಿಹಾಕುತ್ತದೆ ಎಂಬುದು ಅವರ ಪ್ರಸಿದ್ಧ ವಾದ. ಅದರ ಮುಂದಿನ ಹೆಜ್ಜೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಹುಟ್ಟಿನಿಂದ ತಲೆಗೆ ಕಟ್ಟಿದ ಕೆಲಸದ ಬಗ್ಗೆ ಮಾಡುವವನಿಗೆ ಅಸಹ್ಯವೇ ಇರುತ್ತದೆ, ಹೇಗಾದರೂ ತಪ್ಪಿಸಿಕೊಳ್ಳೋಣ ಅನ್ನಿಸುತ್ತದೆ. ಮನಸ್ಸೂ ಬುದ್ಧಿಯೂ ಇಲ್ಲದ ಕಡೆ ದಕ್ಷತೆ ಎಲ್ಲಿಂದ ಬರಬೇಕು ಎಂದು ಅವರು ಕೇಳುತ್ತಾರೆ. ಇಷ್ಟವಿಲ್ಲದ ಕೆಲಸವನ್ನು ಬಿಡುವ ಸ್ವಾತಂತ್ರ್ಯ ಅವರಿಗೆ ಶೋಕಿಯಾಗಿ ಕಾಣಲಿಲ್ಲ, ಸಮಾಜದ ಬುನಾದಿಯ ಪ್ರಶ್ನೆಯಾಗಿ ಕಂಡಿತು.

ಅದಕ್ಕೆ ಮೂರು ವರ್ಷ ಮೊದಲು, 1933ರಲ್ಲಿ, ಕನ್ನಡದಲ್ಲಿ ‘ಚೋಮನ ದುಡಿ’ ಬಂದಿತ್ತು. ಕಾರಂತರ ಚೋಮ ದುಡಿಮೆ ತಪ್ಪಿಸಿಕೊಳ್ಳಲು ಬಯಸಿದವನಲ್ಲ. ಅವನು ಬಯಸಿದ್ದು ಬೇರೆ ದುಡಿಮೆಯನ್ನು. ತುಂಡು ನೆಲ, ತನ್ನದೇ ಎತ್ತು, ತಾನೇ ಹೂಡುವ ಬೇಸಾಯ. ಅವನ ಮಕ್ಕಳು ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ, ಎತ್ತುಗಳು ಹೂಡದೆಯೇ ಉಳಿಯುತ್ತವೆ. ನಾವು ಆ ಕಾದಂಬರಿಯನ್ನು ಅಸ್ಪೃಶ್ಯತೆಯ ಕಥೆಯೆಂದು ಓದಿದ್ದೇವೆ, ಅದು ಸರಿ. ಒಲಿದ ಕೆಲಸ ಸಿಗದೆ ಸತ್ತವನ ಕಥೆಯೆಂದೂ ಅದನ್ನು ಓದಬೇಕು. ‘ಹೊಟ್ಟೆಗಿದ್ದವರಿಗೆ ಮಾತ್ರ ಇಂತಹ ಆಸೆ’ ಎನ್ನುವವರಿಗೆ ಚೋಮನಿಗಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ. ಅವನ ಹೊಟ್ಟೆಗೂ ಇರಲಿಲ್ಲ, ಆಸೆಯೂ ಇತ್ತು.

ಕಾನೂನು ಈ ಸತ್ಯವನ್ನು ತಡವಾಗಿಯಾದರೂ ಕಂಡಿದೆ. 1976ರ ಜೀತ ನಿರ್ಮೂಲನ ಕಾಯ್ದೆ ನಿಷೇಧಿಸಿದ್ದು ಕಡಿಮೆ ಕೂಲಿಯನ್ನಷ್ಟೇ ಅಲ್ಲ. ಸಾಲದ ಹೆಸರಿನಲ್ಲಿ ಆಳನ್ನು ಒಬ್ಬನೇ ಒಡೆಯನಿಗೆ ಕಟ್ಟಿಹಾಕುವುದನ್ನು, ಬೇರೆ ಕಡೆ ದುಡಿಯಲು ಹೋಗದಂತೆ ತಡೆಯುವುದನ್ನು ಅದು ಅಪರಾಧವೆಂದಿತು. ಜೀತಕ್ಕೂ ಕೂಲಿಗೂ ಇರುವ ಗೆರೆ ಬಿಟ್ಟು ಹೋಗುವ ಹಕ್ಕಿನಲ್ಲಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿದವರ ಮೊಕದ್ದಮೆಯಲ್ಲಿ, 1982ರಲ್ಲಿ, ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬಂದೂಕು ಹಿಡಿದು ದುಡಿಸುವುದು ಮಾತ್ರ ಬಲವಂತವಲ್ಲ. ಹಸಿವಿಗೆ ಸಿಕ್ಕು, ಬೇರೆ ದಾರಿ ಕಾಣದೆ, ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪುವುದೂ ಸಂವಿಧಾನದ 23ನೆಯ ವಿಧಿಯ ದೃಷ್ಟಿಯಲ್ಲಿ ಬಲವಂತದ ದುಡಿಮೆಯೇ ಎಂದಿತು. ಬಡತನ ಕೂಡ ಒಂದು ಸರಪಳಿ ಎಂಬುದನ್ನು ನ್ಯಾಯಾಲಯ ಒಪ್ಪಿದ ಮೇಲೆ, ‘ಇಷ್ಟವಿಲ್ಲದಿದ್ದರೆ ಬಿಡಬಹುದಲ್ಲ’ ಎಂದು ಯಾರಿಗಾದರೂ ಹೇಳುವ ಮುಂಚೆ ನಾವು ತಡೆದು ಯೋಚಿಸಬೇಕು.

ಇಲ್ಲಿಂದ ನನ್ನ ವಾದದ ಎರಡನೆಯ ಭಾಗ ಶುರುವಾಗುತ್ತದೆ. ಮಹನೀಯರೆ, ಕೆಲಸ ಬಿಟ್ಟು ಗೆದ್ದವರ ಕಥೆಗಳು ಇಂದು ಪುಸ್ತಕದಂಗಡಿಗಳಲ್ಲಿ ರಾಶಿ ಬಿದ್ದಿವೆ. ಅವುಗಳಲ್ಲಿ ಒಂದು ಸಾಲು ಯಾವಾಗಲೂ ಬಿಟ್ಟುಹೋಗಿರುತ್ತದೆ: ಬಿಟ್ಟವನು ಯಾವ ನೆಲದ ಮೇಲೆ ಕಾಲೂರಿ ಬಿಟ್ಟ ಎಂಬುದು. ಕ್ಯಾಪ್ಟನ್ ಗೋಪಿನಾಥ್ ಅವರು ಎಂಟು ವರ್ಷ ಸೇನೆಯಲ್ಲಿದ್ದು, ಬಿಟ್ಟು ಬಂದು, ಹಾಸನ ಜಿಲ್ಲೆಯ ಜಾವಗಲ್ ಬಳಿ ಬೇಸಾಯಕ್ಕೆ ನಿಂತರು. 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಆ ಜಾವಗಲ್ಲಿನ ಜಮೀನು ಹೇಮಾವತಿ ಅಣೆಕಟ್ಟೆಯಲ್ಲಿ ಮುಳುಗಿದ ಕುಟುಂಬದ ಭೂಮಿಗೆ ಬದಲಾಗಿ ಸಿಕ್ಕದ್ದು. ಬರಡಾಗಿತ್ತು ನಿಜ, ಆದರೆ ಇತ್ತು. ಪೂರ್ಣಚಂದ್ರ ತೇಜಸ್ವಿಯವರು ಎಂ.ಎ. ಓದಿಯೂ ಅಧ್ಯಾಪಕ ವೃತ್ತಿಯ ಕಡೆ ತಿರುಗದೆ ಮೂಡಿಗೆರೆಯ ಕಾಫಿ ತೋಟ ಹಿಡಿದರು. ಅವರ ಬೆನ್ನಿಗೆ ಕುವೆಂಪು ಇದ್ದರು. ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತ ಕೈಲಾಸಂ ಸರ್ಕಾರಿ ಕೆಲಸ ಬಿಟ್ಟು ನಾಟಕದ ಹಿಂದೆ ಹೋದರು. ತಂದೆ ನ್ಯಾಯಾಧೀಶರು. ಇವರ ಸಾಧನೆಯನ್ನು ಕಡಿಮೆ ಮಾಡಲು ನಾನಿದನ್ನು ಹೇಳುತ್ತಿಲ್ಲ. ತಂದೆ ನ್ಯಾಯಾಧೀಶರಾದ ಎಲ್ಲರೂ ‘ಟೊಳ್ಳುಗಟ್ಟಿ’ ಬರೆಯಲಿಲ್ಲ. ಆದರೆ ಧೈರ್ಯ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಜಮೀನು, ಒಂದು ಪಾಲು ಮನೆತನ ಇರುತ್ತದೆ.

ಲಂಕೇಶರದು ಸ್ವಲ್ಪ ಬೇರೆ. ಬೆಂಗಳೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಅಧ್ಯಾಪಕ ಹುದ್ದೆ, ಅಂದರೆ ತಿಂಗಳ ಸಂಬಳ ಮತ್ತು ಮುಂದೆ ಪಿಂಚಣಿ. ಅದನ್ನು ಬಿಟ್ಟು 1980ರಲ್ಲಿ ಜಾಹೀರಾತಿಲ್ಲದ ವಾರಪತ್ರಿಕೆ ಶುರು ಮಾಡಿದರು. ಅವರು ಕಾಲೂರಿದ ನೆಲ ಓದುಗರ ಜೇಬು. ಅದು ಎಷ್ಟು ಅಪಾಯದ ನೆಲವೆಂಬುದು ಪತ್ರಿಕೆ ನಡೆಸಿದವರಿಗೆ ಗೊತ್ತು.

ಸಾಫ್ಟ್‌ವೇರ್ ನೌಕರರನ್ನು ಬೇಕೆಂದೇ ಹಿಂದಕ್ಕೆ ಇಟ್ಟಿದ್ದೇನೆ. ಈ ವಿಷಯ ಬಂದರೆ ಎಲ್ಲರೂ ಮೊದಲು ಅವರತ್ತಲೇ ನೋಡುತ್ತಾರೆ. 2022ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ತಾವಾಗಿ ಬಿಟ್ಟುಹೋದವರ ಪ್ರಮಾಣ ಶೇ. 27.7 ಎಂದು ಇನ್ಫೋಸಿಸ್ ಸಂಸ್ಥೆಯೇ ಪ್ರಕಟಿಸಿತ್ತು. ಆಗ ಇದನ್ನು ಮಹಾ ರಾಜೀನಾಮೆ ಎಂದೆಲ್ಲ ಬಣ್ಣಿಸಿದರು. ನನ್ನ ದೃಷ್ಟಿಯಲ್ಲಿ ಅದರಲ್ಲಿ ಹೆಚ್ಚಿನದು ರಸ್ತೆಯ ಈ ಬದಿಯ ಬಾಡಿಗೆ ಮನೆಯಿಂದ ಆ ಬದಿಯ ಬಾಡಿಗೆ ಮನೆಗೆ ಹೋದಂತೆ. ಅದೇ ಕೆಲಸ, ಅದೇ ಪರದೆ, ಸಂಬಳ ಮಾತ್ರ ಬೇರೆ. ಅದರಲ್ಲಿ ತಪ್ಪೇನಿಲ್ಲ, ನನ್ನ ವಿಷಯ ಅದಲ್ಲ, ಅಷ್ಟೆ.

ನನ್ನ ವಿಷಯಕ್ಕೆ ಸೇರಿದ ಘಟನೆ ಅದೇ ಬೆಂಗಳೂರಿನಲ್ಲಿ 2016ರ ಏಪ್ರಿಲ್ 18 ಮತ್ತು 19ರಂದು ನಡೆಯಿತು. ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿತ್ತು. ಕೆಲಸ ಬಿಟ್ಟವರು ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು. ವಿಷಯ ತಿಳಿದ ಗಾರ್ಮೆಂಟ್ಸ್ ಕಾರ್ಮಿಕರು ಹೊಸೂರು ರಸ್ತೆಯ ಬೊಮ್ಮನಹಳ್ಳಿಯ ಕಡೆ ಬೀದಿಗಿಳಿದರು. ಮರುದಿನ ತುಮಕೂರು ರಸ್ತೆಯ ಪೀಣ್ಯ, ಜಾಲಹಳ್ಳಿ ಕಡೆಯೂ. ಬಹುಪಾಲು ಹೆಂಗಸರು. ಮುಂದೆ ನಿಂತ ನಾಯಕರಿರಲಿಲ್ಲ, ಸಂಘಟನೆಗಳಿಗೂ ಅದು ಅನಿರೀಕ್ಷಿತ. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಬಸ್ಸುಗಳು ಉರಿದವು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಅಂದು ಸಂಚಾರದಲ್ಲಿ ಸಿಕ್ಕಿಕೊಂಡ ನಗರ ಕೇಳಿದ ಪ್ರಶ್ನೆ: ಮುದಿವಯಸ್ಸಿಗೆಂದು ಸರ್ಕಾರ ಉಳಿಸಿಡುವ ಹಣಕ್ಕೆ ಇಷ್ಟೇಕೆ ಗಲಾಟೆ? ಹೊಲಿಗೆ ಯಂತ್ರದ ಮುಂದೆ ಕೂತವರ ಲೆಕ್ಕ ಬೇರೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್, ತಪ್ಪಿದರೆ ಸೂಪರ್‌ವೈಸರ್ ಬೈಗುಳ, ಶೌಚಕ್ಕೆ ಎದ್ದರೂ ಲೆಕ್ಕ, ಕೂತು ಕೂತು ಸೋತ ಬೆನ್ನು. ಈ ಕೆಲಸವನ್ನು 58ರವರೆಗೆ ಮಾಡುವವರು ಬಹಳ ಕಡಿಮೆ. ಮೈ ಅಷ್ಟು ದಿನ ತಡೆಯುವುದಿಲ್ಲ. ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಪಿ.ಎಫ್. ಹಣ ತೆಗೆದು, ಮಗಳ ಫೀಸು ಕಟ್ಟಿ, ಅಡವಿಟ್ಟ ಒಡವೆ ಬಿಡಿಸಿ, ಊರಿಗೆ ಹೋಗಿ ಉಸಿರಾಡಿ, ಬೇಕಾದರೆ ಇನ್ನೊಂದು ಕಾರ್ಖಾನೆಗೆ ಸೇರುವುದು ಅವರು ಕಂಡುಕೊಂಡ ಕ್ರಮ. ಹೊಲಿಗೆ ಗೊತ್ತಿದ್ದವರಿಗೆ ಆ ಹಣ ಊರಿನಲ್ಲಿ ಸ್ವಂತ ಯಂತ್ರ ಇಟ್ಟುಕೊಳ್ಳುವ ದಾರಿಯೂ ಆಗಬಹುದು. ಕಾಗದದ ಮೇಲೆ ಮುಪ್ಪಿನ ನಿಧಿ; ಅವರ ಬದುಕಿನಲ್ಲಿ ಅದು ‘ಸಾಕು’ ಎನ್ನುವ ಶಕ್ತಿ. ಸರ್ಕಾರ ಮುಟ್ಟಿದ್ದು ಅದನ್ನು. ಅವರು ಬೀದಿಗಿಳಿದದ್ದು ಸಂಬಳ ಹೆಚ್ಚಿಸಿ ಎಂದಲ್ಲ, ಬಿಟ್ಟು ಹೋಗುವಾಗ ಕೈಗೆ ಸಿಗುವುದನ್ನು ಕಸಿಯಬೇಡಿ ಎಂದು. ಕೆಲಸ ಬಿಡುವ ಹಕ್ಕಿಗಾಗಿ ಕನ್ನಡ ನಾಡಿನಲ್ಲಿ ನಡೆದ ದೊಡ್ಡ ಹೋರಾಟ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇದರ ಬಗ್ಗೆ ನಾವು ಬರೆದದ್ದು ಕಡಿಮೆ.

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರ ಒಂದು ಗ್ರಂಥದಲ್ಲಿ, ಸಂಸ್ಥೆಯೊಂದು ಕೆಟ್ಟಾಗ ಅದರೊಳಗಿನವರಿಗೆ ಇರುವ ದಾರಿಗಳನ್ನು ಚರ್ಚಿಸಿದರು: ಹೊರಗೆ ಹೋಗುವುದು, ಒಳಗಿದ್ದೇ ದನಿ ಎತ್ತುವುದು. ನಿಷ್ಠೆ ಈ ಎರಡರ ನಡುವಿನ ತೂಕವನ್ನು ಬದಲಿಸುತ್ತದೆ. ಅವರ ವಿಶ್ಲೇಷಣೆಯಲ್ಲಿ ನಮಗೆ ಬೇಕಾದ ಒಂದು ಮಾತಿದೆ. ಹೊರಗೆ ಹೋಗಬಲ್ಲವನ ದನಿಗೆ ತೂಕ ಹೆಚ್ಚು. ನಾವು ಇದನ್ನು ಕಚೇರಿಗಳಲ್ಲಿ ದಿನವೂ ನೋಡುತ್ತೇವೆ. ಎಲ್ಲೂ ಹೋಗಲಾರ ಎಂದು ಗೊತ್ತಿರುವ ಗುಮಾಸ್ತನ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಆದ್ದರಿಂದ ಬಿಡುವ ಹಕ್ಕು ಬಿಡುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬಿಡದೆ ಉಳಿದವರ ಕೆಲಸ ಸಹನೀಯವಾಗುವುದೂ ಅದರಿಂದಲೇ.

ಹಾಗೆಂದು ಒಲಿದ ಕೆಲಸದ ಬಗ್ಗೆ ಈಗ ಹಬ್ಬಿರುವ ಮರುಳನ್ನು ನಾನು ಒಪ್ಪುವುದಿಲ್ಲ. ‘ಮೆಚ್ಚಿದ ಕೆಲಸ ಹಿಡಿ, ಆಮೇಲೆ ದುಡಿಮೆಯೇ ಅನ್ನಿಸದು’ ಎಂದು ಭಾಷಣಕಾರರು ಹೇಳುತ್ತಾರೆ. ವಾರವಾರವೂ ತಪ್ಪದೆ ಪುಟ ತುಂಬಿಸಬೇಕಾದ ಸಂಪಾದಕನನ್ನೋ, ಕಾಫಿ ಕೊಯ್ಲಿಗೆ ಆಳು ಸಿಗದೆ ಪರದಾಡುವ ಬೆಳೆಗಾರನನ್ನೋ ಅವರು ಕೇಳಿ ನೋಡಲಿ. ಒಲಿದ ಕೆಲಸದಲ್ಲೂ ಬೇಸರದ ಭಾಗ ಹೆಚ್ಚೇ ಇರುತ್ತದೆ. ಆ ಬೇಸರಕ್ಕೆ ಒಂದು ಅರ್ಥ ಕಾಣುತ್ತದೆ, ವ್ಯತ್ಯಾಸ ಅಷ್ಟೇ. ಎಲ್ಲರೂ ಬಿಡಬೇಕೆಂದೂ ಇಲ್ಲ. ಬ್ಯಾಂಕಿನ ಕೆಲಸವನ್ನು ಸಂಜೆ ಐದಕ್ಕೆ ಮರೆತು ಯಕ್ಷಗಾನದ ಚೌಕಿಗೆ ಹೋಗುವವನು ತನ್ನ ಲೆಕ್ಕವನ್ನು ಚೆನ್ನಾಗಿಯೇ ಹೊಂದಿಸಿಕೊಂಡಿದ್ದಾನೆ. ಅವನಿಗೆ ಯಾರ ಉಪದೇಶವೂ ಬೇಡ.

ಹೆಂಗಸರ ವಿಷಯದಲ್ಲಿ ನಮ್ಮ ನ್ಯಾಯವೇ ತಲೆಕೆಳಗು. ಮದುವೆಯಾಯಿತೆಂದೋ ಮಗುವಾಯಿತೆಂದೋ ಆಕೆ ಕೆಲಸ ಬಿಟ್ಟರೆ ಅದನ್ನು ಯಾರೂ ಬೇಜವಾಬ್ದಾರಿ ಎನ್ನುವುದಿಲ್ಲ, ಸಹಜವೆನ್ನುತ್ತಾರೆ. ಅವಳು ಇಷ್ಟಪಟ್ಟ ಕೆಲಸವನ್ನು ಬಿಟ್ಟಿದ್ದರೂ ಸಹಜ. ಅದೇ ಹೆಣ್ಣು ಐವತ್ತರಲ್ಲಿ ‘ಇನ್ನು ಈ ಕಚೇರಿ ಸಾಕು, ಹಿಂದೂಸ್ತಾನಿ ಸಂಗೀತ ಕಲಿಸುತ್ತೇನೆ’ ಎಂದರೆ, ಮಗನ ಮದುವೆ ಖರ್ಚಿನ ಪಟ್ಟಿ ಹೊರಬರುತ್ತದೆ. ಅಂದರೆ ನಮ್ಮ ಆಕ್ಷೇಪ ಕೆಲಸ ಬಿಡುವುದರ ಮೇಲಲ್ಲ, ತನಗಾಗಿ ಬಿಡುವುದರ ಮೇಲೆ. ಗಂಡಸಿಗೆ ಬೇರೆ ಬಗೆಯ ಕಟ್ಟು. ನೌಕರಿ ಅವನದಲ್ಲ, ಮನೆತನದ ಆಸ್ತಿ. ಮನೆ ಸಾಲದ ಕಂತು, ತಂಗಿಯ ಮದುವೆ, ಅಪ್ಪನ ಔಷಧಿ ಎಲ್ಲವೂ ಅದರ ಮೇಲೆ ನಿಂತಿರುತ್ತವೆ. ಇವು ಸುಳ್ಳು ಹೊರೆಗಳಲ್ಲ. ಇಲ್ಲಿ ಲಕ್ಕಮ್ಮನ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಹೊರೆಯಲ್ಲಿ ಎಷ್ಟು ಅಗತ್ಯದ್ದು, ಎಷ್ಟು ನೆಂಟರ ಕಣ್ಣಿಗಾಗಿ ಹೊತ್ತದ್ದು ಎಂದು ಮನೆಯವರೆಲ್ಲ ಕೂತು ಒಮ್ಮೆ ಎಣಿಸಬಹುದು. ಅವಳು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ್ದು ಗಂಡನ ಮೇಲಿನ ಮುನಿಸಿನಿಂದಲ್ಲ.

ಇನ್ನು ಕಾನೂನಿನ ಕಟ್ಟುಗಳು. ಸರ್ಕಾರಿ ಸೇವೆಗೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಲೆಕ್ಕದಿಂದ ಹೋಗುತ್ತದೆ. ನಿಗದಿತ ಅವಧಿ ಮುಗಿಸಿ ಸ್ವಯಂ ನಿವೃತ್ತಿ ಪಡೆದರೆ ಉಳಿಯುತ್ತದೆ. 1972ರ ಗ್ರಾಚುಯಿಟಿ ಕಾಯ್ದೆ ಐದು ವರ್ಷದ ಗೆರೆ ಹಾಕಿತು. 1995ರ ನೌಕರರ ಪಿಂಚಣಿ ಯೋಜನೆ ಹತ್ತು ವರ್ಷದ್ದು. ನೌಕರನಿಗೆ ಭದ್ರತೆ ಕೊಡಲೆಂದು ಬಂದ ಈ ನಿಯಮಗಳು ಅವನನ್ನು ಕಟ್ಟಿಹಾಕುವುದೂ ಉಂಟು. ‘ಇನ್ನು ಒಂದೂವರೆ ವರ್ಷ ಹೇಗಾದರೂ ತಳ್ಳಿಬಿಡ್ತೀನಿ’ ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ದುಡಿದಷ್ಟು ಕಾಲದ ಹಕ್ಕು ದುಡಿದವನ ಜೊತೆಗೇ ಹೋಗಬೇಕು ಎಂಬುದು ನ್ಯಾಯವಾದ ಬೇಡಿಕೆ. ಚಿಕಿತ್ಸೆಯ ವೆಚ್ಚ ನೌಕರಿಗೆ ಅಂಟಿಕೊಂಡಿರುವವರೆಗೆ ಅದೂ ಅರ್ಧ ನ್ಯಾಯವೇ. ವಯಸ್ಸಾದ ತಂದೆತಾಯಿಯ ವಿಮೆ ಕಂಪನಿಯ ಹೆಸರಿನಲ್ಲಿರುವಾಗ ಯಾರು ತಾನೆ ಬಿಟ್ಟಾರು?

ಈ ನಿಯಮಗಳನ್ನು ಬದಲಿಸುವುದು ಈ ಸಭೆಯ ಕೈಯಲ್ಲಿಲ್ಲ. ಆದರೆ ಒಂದು ಕೆಲಸ ಇಲ್ಲಿರುವ ಹಲವರ ಕೈಯಲ್ಲಿದೆ. ನಿಮ್ಮಲ್ಲಿ ಖಾಸಗಿ ಶಾಲೆ ಕಾಲೇಜುಗಳ ಆಡಳಿತ ಮಂಡಳಿಯವರಿದ್ದೀರಿ, ಪ್ರಾಂಶುಪಾಲರಿದ್ದೀರಿ, ಸಣ್ಣ ದೊಡ್ಡ ಉದ್ಯಮ ನಡೆಸುವವರಿದ್ದೀರಿ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿ, ಪದವಿ ಪತ್ರಗಳನ್ನು ಇಸಿದುಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಇನ್ನೂ ಹಲವು ಕಡೆ ಇದೆ. ಬಿಡುವವರ ಸೇವಾ ಪ್ರಮಾಣಪತ್ರವನ್ನು ತಿಂಗಳುಗಟ್ಟಲೆ ತಡೆಯುವುದೂ ಇದೆ. ವರ್ಷದ ನಡುವೆ ಮೇಷ್ಟ್ರು ಬಿಟ್ಟು ಹೋದರೆ ಮಕ್ಕಳಿಗೆ ತೊಂದರೆಯಾಗುತ್ತದೆ ಎಂಬ ಸಮರ್ಥನೆ ನನಗೆ ಗೊತ್ತು. ಅದಕ್ಕೆ ನೋಟಿಸ್ ಅವಧಿ ಇದೆ, ಕರಾರಿದೆ. ಇನ್ನೊಬ್ಬರ ಪದವಿ ಪತ್ರವನ್ನು ಒತ್ತೆ ಇಟ್ಟುಕೊಳ್ಳುವ ಅಗತ್ಯವಿಲ್ಲ. ನಿಮ್ಮ ಸಂಸ್ಥೆಯ ಬೀರುವಿನಲ್ಲಿ ಅಂತಹ ಪತ್ರಗಳಿದ್ದರೆ, ಅವುಗಳ ವಾರಸುದಾರರನ್ನು ಕರೆದು, ಅವರು ಬಿಡುತ್ತಾರೋ ಉಳಿಯುತ್ತಾರೋ ಎಂದು ಕೇಳದೆ, ದಯವಿಟ್ಟು ಈ ವಾರವೇ ವಾಪಸು ಕೊಡಿ.